ದನಗಳ ಕ್ಷಯರೋಗದ ಪರೀಕ್ಷೆಗಳು: ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಗಳಲೆರೋಗ, ಚಪ್ಪೆರೋಗ ಮುಂತಾದುವು ದನಕ್ಕೆ ತಗುಲಿದರೆ ಒಂದೆರಡು ದಿನಗಳೊಳಗಾಗಿ ಯಜಮಾನನಿಗೆ ತಿಳಿದುಹೋಗುವುದು. ಕ್ಷಯರೋಗವಾದರೋ ಹಾಗಲ್ಲ. ಅದು ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ, ದನದ ಮೈಯೊಳಗೆ ಅಡಗಿರುವುದು. ಹಸುವು ಮೇಯುತ್ತಿರುವುದು, ಹಾಲು ಕೊಡುತ್ತಿರುವುದು, ಮೈ ತುಂಬಿಕೊಂಡು ನೋಡುವುದಕ್ಕೂ ಲಕ್ಷಣವಾಗಿರುವುದು. ಆದರೂ ಅದರ ಉಸಿರಿನಿಂದ ಪಕ್ಕದ ಹಸುವಿಗೆ ರೋಗವು ಹರಡುತ್ತಿರಬಹುದು. ಕೆಮ್ಮೂ ಸೊರಗುವಿಕೆಯೂ ಕಾಣಿಸುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಅನರ್ಥವು ನಡೆದುಹೋಗಿರುವುದೇ ಹೆಚ್ಚು. ಆದುದರಿಂದ ಈ ರೋಗವನ್ನು ಕಣ್ಣಿನಿಂದ ನೋಡಿ ನಿಶ್ಚಯಿಸುವುದು ಸಾಧ್ಯವಿಲ್ಲ, ಪರೀಕ್ಷೆಗಳನ್ನೇ ಆಶ್ರಯಿಸಬೇಕು. ಆ ಪರೀಕ್ಷೆಗಳು ಎಷ್ಟು ಸರಿಯಾದುವು, ಅವುಗಳ ಮಾತನ್ನು ಎಲ್ಲಿ ಎಷ್ಟು ನಂಬತಕ್ಕದ್ದು ಎಂಬುದೇ ಈ ಲೇಖನದ ವಿಷಯವು.

ಇದನ್ನು ಬರೆಯುವುದಕ್ಕೆ ನನ್ನ ಸರ್ಕೀಟಿನಲ್ಲಿ ಕಂಡ ಎರಡು ಸಂಗತಿಗಳು ಕಾರಣವಾದುವು. ಒಂದು ಗ್ರಾಮದಲ್ಲಿ ಒಬ್ಬ ಭೂಮಾಲೀಕರು ಕರುಹಾಕಿ ಇಪ್ಪತ್ತು ದಿನಗಳಾಗಿದ್ದ ಒಂದು ಮಿಶ್ರತಳಿಯ ಹಸುವನ್ನು ಹೆಚ್ಚಿನ ಬೆಲೆ ಕೊಟ್ಟು ತಂದರು. ಮಾರಿದವರು, ಅದೇ ವಾರ ಪರೀಕ್ಷೆಯಾಗಿ ಕ್ಷಯವಿಲ್ಲವೆಂದು ಕಂಡುಬಂದಿರುವುದಾಗಿ ಒಂದು ಕಾಗದವನ್ನೂ ಕೊಟ್ಟಿದ್ದರು. ಮರುವರ್ಷ ಆ ಹಸುವೂ, ಅದರ ಎರಡು ಪಕ್ಕಗಳಲ್ಲಿ ಕಟ್ಟುತ್ತಿದ್ದ ಹಸುಗಳೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದುವು. ಇನ್ನೊಂದು ಗ್ರಾಮದಲ್ಲಿ, ಎಂದೂ ಈ ರೋಗವು ಕಾಣದ ಒಂದು ಮಂದೆಯಲ್ಲಿ ಒಂದೇ ಒಂದು ನಾಟಿ ಹಸುವಿಗೆ ಚುಚ್ಚಿದ ಕಡೆ ಬಾವು ಬಂದಿತು. ಯಜಮಾನರು ಹೆದರಿ ಮರುಪರೀಕ್ಷೆಗೂ ಕಾಯದೆ ವಾರದ ಸಂತೆಯಲ್ಲಿ ಅದನ್ನು ಸಿಕ್ಕಿದ ಬೆಲೆಗೆ ಮಾರಿಬಿಟ್ಟರು. ಆ ಹಸುವಿಗೆ ರೋಗವಿದ್ದಿತೋ ಇಲ್ಲವೋ ಇನ್ನು ಯಾರಿಗೂ ತಿಳಿಯುವಂತಿಲ್ಲ. ಇಲ್ಲದಿದ್ದರೆ ಒಂದು ಮನೆಯು ಸುಮ್ಮನೆ ಹಾಲನ್ನು ಕಳೆದುಕೊಂಡಿತು. ಇದ್ದರೆ ಮತ್ತೊಂದು ಊರು ರೋಗವನ್ನು ದುಡ್ಡು ಕೊಟ್ಟು ಕೊಂಡುಕೊಂಡಿತು. ಮೊದಲನೆಯವರು ಪರೀಕ್ಷೆಯ “ಇಲ್ಲ” ಎಂಬ ಮಾತನ್ನೂ, ಎರಡನೆಯವರು ಅದರ “ಉಂಟು” ಎಂಬ ಮಾತನ್ನೂ ಮಿತಿಮೀರಿ ನಂಬಿದರು. ಪರೀಕ್ಷೆ ಮಾಡುವುದು ಪಶುವೈದ್ಯರ ಕೆಲಸ. ನಾನು ವ್ಯವಸಾಯದ ಇನ್‌ಸ್ಪೆಕ್ಟರನೇ ಹೊರತು ಪಶುವೈದ್ಯನಲ್ಲ. ಆದರೆ ಪರೀಕ್ಷೆಯ ಮಾತನ್ನು ತೂಗಿ ನೋಡುವ ಕೆಲಸವು ದನದ ಯಜಮಾನನಿಗೂ ಸೇರಿದ್ದು.

1. ಚರ್ಮಪರೀಕ್ಷೆಯ ಹುಟ್ಟು

ಕ್ಷಯರೋಗದ ಕ್ರಿಮಿಯನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಎಂಬ ಪಂಡಿತರು ಕಂಡುಹಿಡಿದರು. 1890ರಲ್ಲಿ ಅವರು ಆ ಕ್ರಿಮಿಗಳನ್ನು ಬೆಳೆಸಿ ತೆಗೆದ ಸತ್ವವೊಂದನ್ನು ರೋಗಕ್ಕೆ ಔಷಧವೆಂದು ಪ್ರಕಟಿಸಿದರು. ಇದೇ ಟ್ಯುಬರ್ಕ್ಯುಲಿನ್. ಔಷಧವಾಗಿ ಅದು ನಿಷ್ಪ್ರಯೋಜಕವಾಯಿತು. ಆದರೆ ಕ್ಷಯವುಳ್ಳ ದನಗಳಿಗೆ ಅದನ್ನು ಚುಚ್ಚಿದರೆ ಜ್ವರವೇರುವುದೆಂದೂ, ರೋಗವಿಲ್ಲದುವಕ್ಕೆ ಏನೂ ಆಗದೆಂದೂ ಬೇಗನೆ ಗೊತ್ತಾಯಿತು. ಗುಣಪಡಿಸಲಾರದ ಔಷಧವು ರೋಗವನ್ನು ತೋರಿಸಿಕೊಡುವ ಸಾಧನವಾಯಿತು. ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಎಂಬುವರು 1890ರ ದಶಕದಲ್ಲಿಯೇ ಇದರಿಂದ ಮಂದೆಗಳನ್ನು ಪರೀಕ್ಷಿಸಿ, ಬಾಧಿತ ದನಗಳನ್ನೂ ಉಳಿದುವನ್ನೂ ಬೇರೆ ಬೇರೆ ಮಾಡಿ, ಬಾಧಿತ ಹಸುಗಳ ಕರುಗಳನ್ನು ಹುಟ್ಟಿದೊಡನೆಯೇ ಬೇರ್ಪಡಿಸಿ, ಕಾಯಿಸಿದ ಹಾಲಿನಲ್ಲಿ ಸಾಕುವ ಕ್ರಮವನ್ನು ಆಚರಣೆಗೆ ತಂದರು.

ದನಗಳ ಕ್ರಿಮಿಗೂ ಮನುಷ್ಯರ ಕ್ರಿಮಿಗೂ ಭೇದವುಂಟೆಂದು 1898ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಎಂಬುವರು ತೋರಿಸಿದರು. ದನದ ಕ್ಷಯದಿಂದ ಮನುಷ್ಯರಿಗೆ ಅಪಾಯವು ಅತ್ಯಲ್ಪವೆಂದು 1901ರಲ್ಲಿ ಕಾಖ್ ಪಂಡಿತರೇ ಹೇಳಿದರು. ಆದರೆ ಇದನ್ನು ವಿಚಾರಿಸುವುದಕ್ಕಾಗಿ ಬ್ರಿಟನ್ನಿನಲ್ಲಿ ನೇಮಕವಾದ ಆಯೋಗವು ಹತ್ತು ವರ್ಷಗಳ ಶೋಧನೆಯ ತರುವಾಯ, 1911ರಲ್ಲಿ, ಹಾಲಿನ ಮೂಲಕ ಈ ರೋಗವು ಮನುಷ್ಯರಿಗೆ, ಮುಖ್ಯವಾಗಿ ಮಕ್ಕಳಿಗೆ, ಬರುವುದು ನಿಜವೆಂದು ತೀರ್ಮಾನಿಸಿತು. ಇಲ್ಲಿ ಹೇಳುವ ಪರೀಕ್ಷೆಗಳು ದನದ ಬೆಲೆಗೆ ಮಾತ್ರ ಸಂಬಂಧಪಟ್ಟುವಲ್ಲ, ಮನೆಯ ಮಕ್ಕಳಿಗೂ ಸಂಬಂಧಪಟ್ಟುವು.

2. ಪರೀಕ್ಷೆಯನ್ನು ನಡೆಸುವ ಕ್ರಮ

ಈಗ ಜ್ವರವನ್ನು ನೋಡುವ ಬದಲು ಚರ್ಮದ ಬಾವನ್ನು ಅಳೆಯುವರು. ಕುತ್ತಿಗೆಯ ಮಧ್ಯಭಾಗದಲ್ಲಿ ಎರಡು ಕಡೆ ಕೂದಲನ್ನು ಕತ್ತರಿಸಿ, ಚರ್ಮದ ಮಡಿಕೆಯ ದಪ್ಪವನ್ನು ಅಳತೆಯ ಇಕ್ಕಳದಿಂದ ಮಿಲಿಮೀಟರುಗಳಲ್ಲಿ ಅಳೆದು ಬರೆದುಕೊಳ್ಳುವರು. ಒಂದು ಕಡೆ ಹಕ್ಕಿಗಳ ಕ್ಷಯಕ್ರಿಮಿಯಿಂದ ತೆಗೆದ ಟ್ಯುಬರ್ಕ್ಯುಲಿನ್ನನ್ನೂ, ಇನ್ನೊಂದು ಕಡೆ ದನದ ಕ್ಷಯಕ್ರಿಮಿಯಿಂದ ತೆಗೆದುದನ್ನೂ ಚರ್ಮದ ಒಳಪದರದಲ್ಲಿ ಚುಚ್ಚುವರು. 72 ಗಂಟೆಗಳಾದ ಮೇಲೆ ಅದೇ ಎರಡು ಸ್ಥಳಗಳನ್ನು ಮತ್ತೆ ಅಳೆಯುವರು.

ಹಕ್ಕಿಯ ಕ್ರಿಮಿಯ ಸತ್ವವೇಕೆಂದು ಕೇಳಬಹುದು. ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕ್ಷಯಕ್ರಿಮಿಯ ದಾಯಾದಿಗಳಾದ, ಆದರೆ ಕ್ಷಯವನ್ನುಂಟುಮಾಡದ, ಅನೇಕ ಕ್ರಿಮಿಗಳಿರುವುವು. ದನಕ್ಕೆ ಅವುಗಳ ಸಂಪರ್ಕವಾಗಿದ್ದರೆ ದನದ ಟ್ಯುಬರ್ಕ್ಯುಲಿನ್ನಿಗೂ ಸ್ವಲ್ಪ ಬಾವು ಬರುವುದು; ಹಕ್ಕಿಯ ಟ್ಯುಬರ್ಕ್ಯುಲಿನ್ನಿಗೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬರುವುದು. ಎರಡನ್ನೂ ಹೋಲಿಸಿದರೆ ನಿಜವಾದ ಅಪರಾಧಿಯು ಯಾರೆಂಬುದು ತಿಳಿಯುವುದು. ದನದ ಟ್ಯುಬರ್ಕ್ಯುಲಿನ್ನಿನ ಬಾವು ಹಕ್ಕಿಯದಕ್ಕಿಂತ 4 ಮಿಲಿಮೀಟರಿಗೂ ಹೆಚ್ಚಾಗಿದ್ದರೆ “ಉಂಟು” ಎಂದೂ, 1ರಿಂದ 4ರವರೆಗೆ ಹೆಚ್ಚಾಗಿದ್ದರೆ “ಸಂದೇಹ” ಎಂದೂ, ಅದಕ್ಕಿಂತ ಕಡಮೆಯಾದರೆ “ಇಲ್ಲ” ಎಂದೂ ಸಾಮಾನ್ಯವಾಗಿ ಎಣಿಸುವರು.

ಮೂರು ಹಸುಗಳ ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಎಲ್ಲಕ್ಕೂ ಮೊದಲು ಎರಡು ಕಡೆಯೂ ಚರ್ಮವು 7 ಮಿಲಿಮೀಟರು ಇದ್ದಿತೆಂದು ತಿಳಿಯಿರಿ. ಮೊದಲನೆಯದಕ್ಕೆ ಹಕ್ಕಿಯ ಕಡೆ 9, ದನದ ಕಡೆ 15 ಆಯಿತು. ಹೆಚ್ಚಳವು 2 ಮತ್ತು 8, ವ್ಯತ್ಯಾಸ 6. ಇದು “ಉಂಟು”. ಎರಡನೆಯದಕ್ಕೆ ಹಕ್ಕಿಯ ಕಡೆ 8, ದನದ ಕಡೆ 10. ಹೆಚ್ಚಳವು 1 ಮತ್ತು 3, ವ್ಯತ್ಯಾಸ 2. ಇದು “ಸಂದೇಹ”, 42 ದಿನಗಳಾದರೂ ಕಳೆದ ಮೇಲೆ ಮತ್ತೆ ಪರೀಕ್ಷಿಸಬೇಕು. ಮೂರನೆಯದಕ್ಕೆ ಹಕ್ಕಿಯ ಕಡೆ 13, ದನದ ಕಡೆ 12. ಹೆಚ್ಚಳವು 6 ಮತ್ತು 5. ದನದ ಟ್ಯುಬರ್ಕ್ಯುಲಿನ್ನನ್ನು ಮಾತ್ರ ಚುಚ್ಚಿದ್ದರೆ ಈ ಹಸುವು ಅಪರಾಧಿಯೆನ್ನಿಸಿಕೊಳ್ಳುತ್ತಿದ್ದಿತು, ಏಕೆಂದರೆ ಒಂಟಿ ಚುಚ್ಚಿನ ಪರೀಕ್ಷೆಯಲ್ಲಿ 4 ಮಿಲಿಮೀಟರಿನ ಹೆಚ್ಚಳವೇ ಸಾಕು. ಹೋಲಿಕೆಯಿಂದ ಅದು ಪಾರಾಯಿತು. ಪರೀಕ್ಷೆಯ ಫಲವನ್ನು ಕೇಳುವಾಗ “ಬಾವು ಬಂದಿತೇ” ಎಂದಷ್ಟೇ ಕೇಳದೆ, ಯಾವ ಪರೀಕ್ಷೆ, ಎಷ್ಟು ಮಿಲಿಮೀಟರು ಎಂದು ಕೇಳಬೇಕಾದುದು ಇದಕ್ಕಾಗಿಯೇ.

3. ಎರಡು ಬಗೆಯ ತಪ್ಪುಗಳು

ಕಾಳನ್ನು ಜರಡಿಯಾಡಿಸುವುದು ನಮಗೆಲ್ಲರಿಗೂ ತಿಳಿದ ಕೆಲಸವಷ್ಟೆ. ಸಣ್ಣ ಕಣ್ಣಿನ ಜರಡಿಯಲ್ಲಿ ಕಾಳಿನೊಡನೆ ಕಲ್ಲೂ ನಿಲ್ಲುವುದು. ದೊಡ್ಡ ಕಣ್ಣಿನದರಲ್ಲಿ ಕಲ್ಲಿನೊಡನೆ ಕಾಳೂ ಉದುರುವುದು. ಪರೀಕ್ಷೆಯೂ ಒಂದು ಜರಡಿಯೇ. ಅದಕ್ಕೂ ಎರಡು ಬಗೆಯ ತಪ್ಪುಗಳುಂಟು. ರೋಗವಿರುವ ದನವನ್ನು ಬಿಟ್ಟುಬಿಡುವುದು ಒಂದು. ರೋಗವಿಲ್ಲದ ದನವನ್ನು ಹಿಡಿದುಬಿಡುವುದು ಇನ್ನೊಂದು. ಆದುದರಿಂದ ಪರೀಕ್ಷೆಗೆ ಎರಡು ಶಕ್ತಿಗಳನ್ನು ಬೇರೆ ಬೇರೆಯಾಗಿ ಲೆಕ್ಕ ಮಾಡಬೇಕು. ನೂರು ರೋಗಿ ದನಗಳಲ್ಲಿ ಎಷ್ಟನ್ನು ಹಿಡಿಯುವುದೋ ಅದನ್ನು ‘ಹಿಡಿಯುವ ಶಕ್ತಿ’ಯೆಂದೂ, ನೂರು ನಿರೋಗಿ ದನಗಳಲ್ಲಿ ಎಷ್ಟನ್ನು ಸರಿಯಾಗಿ ಬಿಡುವುದೋ ಅದನ್ನು ‘ಬಿಡುವ ಶಕ್ತಿ’ಯೆಂದೂ ಕರೆಯೋಣ. “ಈ ಪರೀಕ್ಷೆಯು ಸೇಕಡಾ ಇಷ್ಟು ಸರಿ” ಎಂದು ಒಂದೇ ಸಂಖ್ಯೆಯನ್ನು ಯಾರಾದರೂ ಹೇಳಿದರೆ, ಎರಡರಲ್ಲಿ ಯಾವುದನ್ನು ಹೇಳುತ್ತೀರೆಂದು ಕೇಳತಕ್ಕದ್ದು.

ಅನೇಕ ದೇಶಗಳ ಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಲ್ಲಿ, ಮೇಲೆ ಹೇಳಿದ ಹೋಲಿಕೆಯ ಚರ್ಮಪರೀಕ್ಷೆಗೆ ಹಿಡಿಯುವ ಶಕ್ತಿಯು ಸೇಕಡಾ 52ರಿಂದ 100ರವರೆಗೆ ಕಂಡುಬಂದು, ನಡುವಣ ಬೆಲೆಯು 80 ಆಗಿರುವುದು. ಬಿಡುವ ಶಕ್ತಿಯ ನಡುವಣ ಬೆಲೆಯು 99.5. ಎಂದರೆ ಇದು ಐದು ರೋಗಿ ದನಗಳಲ್ಲಿ ಒಂದನ್ನು ಬಿಟ್ಟುಬಿಡುವುದು, ಆದರೆ ಇನ್ನೂರು ನಿರೋಗಿ ದನಗಳಲ್ಲಿ ಒಂದನ್ನು ಮಾತ್ರವೇ ತಪ್ಪಾಗಿ ಹಿಡಿಯುವುದು. ಜರಡಿಯ ಕಣ್ಣನ್ನು ಬದಲಾಯಿಸುವಂತೆ ಇಲ್ಲಿಯೂ ಮಿತಿಯನ್ನು ಬದಲಾಯಿಸಬಹುದು. ರೋಗವು ಖಂಡಿತವಾದ ಮಂದೆಗಳಲ್ಲಿ ಬ್ರಿಟನ್ನಿನವರು 4 ಮಿಲಿಮೀಟರಿನ ಬದಲು 2 ಮಿಲಿಮೀಟರಿಗೆ ಮೇಲ್ಪಟ್ಟ ವ್ಯತ್ಯಾಸವನ್ನೇ “ಉಂಟು” ಎಂದು ಎಣಿಸುವರು. ಇದರಿಂದ ತಪ್ಪಿಸಿಕೊಳ್ಳುವ ರೋಗಿಗಳು ಕಡಮೆಯಾಗುವುವು. ತಪ್ಪಾಗಿ ಸಿಕ್ಕಿಬೀಳುವ ನಿರೋಗಿಗಳು ಹೆಚ್ಚಾಗುವುವು. ಒಂದು ಶಕ್ತಿಯನ್ನು ಬಿಗಿಮಾಡಿದರೆ ಇನ್ನೊಂದು ಸಡಿಲವಾಗದೆ ಇರುವುದಿಲ್ಲ.

4. ಈ ಶಕ್ತಿಗಳನ್ನು ಅಳೆಯುವುದು ಹೇಗೆ?

ತಕ್ಕಡಿಯು ಸರಿಯೇ ಎಂದು ನೋಡಬೇಕಾದರೆ ಮುದ್ರೆಯೊತ್ತಿದ ತೂಕದ ಕಲ್ಲು ಬೇಕು. ಇಲ್ಲಿ ಆ ಕಲ್ಲು ಯಾವುದು? ಸತ್ತ ದನವನ್ನು ಕೊಯ್ದು, ಗಂಟಲಿನ ಮತ್ತು ಎದೆಯ ದುಗ್ಧರಸಗ್ರಂಥಿಗಳನ್ನು ತೆಳುವಾಗಿ ಹೆಚ್ಚಿ ಕ್ಷಯದ ಗಂಟುಗಳನ್ನು ಹುಡುಕುವುದು, ಮತ್ತು ಆ ಭಾಗಗಳಿಂದ ಕ್ರಿಮಿಗಳನ್ನು ಬೆಳೆಸಿ ನೋಡುವುದು. ಈ ಕ್ರಿಮಿಯು ಬಹು ನಿಧಾನವಾಗಿ ಬೆಳೆಯುವುದರಿಂದ ವಾರಗಟ್ಟಲೆ ಕಾಯಬೇಕಾಗುವುದು. ಆದರೂ ಈ ಕಲ್ಲು ಕೂಡ ಪೂರ್ಣತೂಕದ್ದಲ್ಲ. ಬಹಳ ಸಣ್ಣ ಗಂಟು ಕಣ್ಣಿಗೆ ಬೀಳದೆ ಹೋಗಬಹುದು, ಕ್ರಿಮಿಯು ಬೆಳೆಯದಿರಬಹುದು. ಬಿಡುವ ಶಕ್ತಿಯನ್ನು ಅಳೆಯುವುದಕ್ಕಾದರೋ, ಬಹುಕಾಲದಿಂದ ರೋಗವಿಲ್ಲವೆಂದು ಖಂಡಿತವಾಗಿರುವ ಸೀಮೆಯ ದನಗಳನ್ನು ಪರೀಕ್ಷಿಸಿ ಎಷ್ಟು ತಪ್ಪಾಗಿ ಸಿಕ್ಕಿಬೀಳುವುವೆಂದು ಎಣಿಸುವರು.

ಈ ಅಳತೆಯಲ್ಲಿಯೇ ತಪ್ಪುಗಳು ಸೇರಿಕೊಳ್ಳಲು ನಾಲ್ಕು ದಾರಿಗಳುಂಟು. ಮೊದಲನೆಯದು, “ಉಂಟು” ಎಂದು ಬಂದ ದನಗಳನ್ನು ಮಾತ್ರ ಕೊಯ್ದು ನೋಡುವುದು. ಬಿಟ್ಟುಹೋದ ರೋಗಿಗಳು ಲೆಕ್ಕಕ್ಕೇ ಬಾರದೆ ಪರೀಕ್ಷೆಯು ಇರುವುದಕ್ಕಿಂತ ಉತ್ತಮವಾಗಿ ಕಾಣುವುದು. ಎರಡನೆಯದು, ರೋಗವು ಬಲಿತು ಕಣ್ಣಿಗೆ ಕಾಣುವ ದನಗಳನ್ನೇ ಆರಿಸಿಕೊಂಡು ಅಳೆಯುವುದು. ಕೊಟ್ಟಿಗೆಗಳಲ್ಲಿ ನಾವು ಹುಡುಕುವುದು ಎಳೆಯ ರೋಗವನ್ನು. ಮೂರನೆಯದು, ದನಗಳ ಸಂಖ್ಯೆಯು ಸಾಲದಿರುವುದು. ಹತ್ತು ರೋಗಿ ದನಗಳಲ್ಲಿ ಒಂಬತ್ತನ್ನು ಹಿಡಿದ ಪರೀಕ್ಷೆಗೂ ನೂರರಲ್ಲಿ ತೊಂಬತ್ತನ್ನು ಹಿಡಿದ ಪರೀಕ್ಷೆಗೂ ಸೇಕಡಾ 90 ಎಂಬ ಒಂದೇ ಹೆಸರು. ಆದರೆ ಗಣಿತಶಾಸ್ತ್ರದ ಪ್ರಕಾರ ಮೊದಲನೆಯದರ ನಿಜವಾದ ಶಕ್ತಿಯು 55ರಿಂದ ಸುಮಾರು 100ರವರೆಗೆ ಎಲ್ಲಿಯಾದರೂ ಇರಬಹುದು. ಎರಡನೆಯದು 82ರಿಂದ 95ರೊಳಗೆ ಇರುವುದು. ನಾಲ್ಕನೆಯದು, ಒಂದು ದೇಶದ ಅಳತೆಯನ್ನು ಮತ್ತೊಂದಕ್ಕೆ ಹಾಗೆಯೇ ಹೊಂದಿಸುವುದು. ಬ್ರಿಟನ್ನಿನಲ್ಲಿ ಇದೇ ಹೋಲಿಕೆಯ ಪರೀಕ್ಷೆಯ ಬಿಡುವ ಶಕ್ತಿಯು ಸೇಕಡಾ 99.98 ಎಂದು ಲೆಕ್ಕಹಾಕಿರುವರು. ಎಂದರೆ ತಪ್ಪು 5000ಕ್ಕೆ ಒಂದು. ಮಣ್ಣಿನ ಕ್ರಿಮಿಗಳೂ, ಮೇವೂ, ಹವೆಯೂ, ತಳಿಯೂ ಬೇರೆಯಾದ ನಮ್ಮ ಸೀಮೆಯಲ್ಲಿಯೂ ಅದೇ ಬರುವುದೆಂದು ಹೇಳುವುದಕ್ಕಾಗುವುದಿಲ್ಲ.

ನಮ್ಮಲ್ಲಿ ಕೊಯ್ದು ನೋಡುವ ಅವಕಾಶವೇ ಕಡಮೆಯಾದುದರಿಂದ ಇನ್ನೊಂದು ಉಪಾಯವು ಬಹಳ ಉಪಯುಕ್ತವಾದುದು. ರೋಗವು ಹೆಚ್ಚಾಗಿರುವ ಒಂದು ಸಮೂಹದಲ್ಲಿಯೂ ಕಡಮೆಯಾಗಿರುವ ಇನ್ನೊಂದರಲ್ಲಿಯೂ ಎರಡು ಬೇರೆ ಬೇರೆ ಪರೀಕ್ಷೆಗಳನ್ನು ನಡೆಸಿ, ಅವು ಎಲ್ಲಿ ಒಪ್ಪುವುವು, ಎಲ್ಲಿ ಒಪ್ಪುವುದಿಲ್ಲ ಎಂಬುದರಿಂದಲೇ ಎರಡರ ಶಕ್ತಿಗಳನ್ನೂ ಗಣಿತದಿಂದ ತೆಗೆಯುವ ಕ್ರಮವನ್ನು 1980ರಲ್ಲಿ ಹುಯಿ ಮತ್ತು ವಾಲ್ಟರ್ ಎಂಬುವರು ತೋರಿಸಿಕೊಟ್ಟರು. ಒಬ್ಬ ಸಾಕ್ಷಿಯನ್ನು ಪೂರ್ತಿಯಾಗಿ ನಂಬಲಾಗದಿದ್ದರೂ, ಇಬ್ಬರು ಸಾಕ್ಷಿಗಳ ಹೇಳಿಕೆಗಳನ್ನು ಎರಡು ಮೊಕದ್ದಮೆಗಳಲ್ಲಿ ತಾಳೆನೋಡಿ ಇಬ್ಬರ ಯೋಗ್ಯತೆಯನ್ನೂ ತಿಳಿಯುವಂತೆ ಇದಿರುವುದು.

5. ಒಂದೇ ಪರೀಕ್ಷೆ, ಎರಡು ಸೀಮೆಗಳು

ಈಗ ಈ ಲೇಖನದ ಮುಖ್ಯವಾದ ಪಾಠಕ್ಕೆ ಬರೋಣ. ಪರೀಕ್ಷೆಯ ಶಕ್ತಿಯು ಬದಲಾಗದಿದ್ದರೂ ಅದರ ಮಾತಿನ ಬೆಲೆಯು ಸ್ಥಳದಿಂದ ಸ್ಥಳಕ್ಕೆ ಬದಲಾಗುವುದು. ಓದುವವರು ದಯಮಾಡಿ ಕಾಗದವನ್ನೂ ಪೆನ್ಸಿಲ್ಲನ್ನೂ ತೆಗೆದುಕೊಂಡು ಈ ಲೆಕ್ಕವನ್ನು ತಾವೇ ಮಾಡಿನೋಡಬೇಕು. ಹಿಡಿಯುವ ಶಕ್ತಿ 80, ಬಿಡುವ ಶಕ್ತಿ 99.5 ಎಂದಿಟ್ಟುಕೊಳ್ಳಿ.

ಮೊದಲನೆಯ ಸೀಮೆಯಲ್ಲಿ 10,000 ದನಗಳಿದ್ದು 1000ಕ್ಕೆ ರೋಗವಿದೆ. ಪರೀಕ್ಷೆಯು ಇವುಗಳಲ್ಲಿ 800ನ್ನು ಹಿಡಿಯುವುದು, 200ನ್ನು ಬಿಡುವುದು. ನಿರೋಗಿಗಳಾದ 9000ದಲ್ಲಿ 45ನ್ನು ತಪ್ಪಾಗಿ ಹಿಡಿಯುವುದು. ಸಿಕ್ಕಿಬಿದ್ದುವು ಒಟ್ಟು 845. ಅವುಗಳಲ್ಲಿ ನೂರಕ್ಕೆ ಸುಮಾರು 95 ನಿಜವಾದ ರೋಗಿಗಳು. ಇಲ್ಲಿ “ಉಂಟು” ಎಂಬುದನ್ನು ನಂಬಬಹುದು. ಆದರೆ “ಇಲ್ಲ” ಎಂದು ಬಿಟ್ಟ 9155ರಲ್ಲಿ 200 ರೋಗಿಗಳು ಸೇರಿಕೊಂಡಿರುವುವು, ಎಂದರೆ ಸುಮಾರು 46ಕ್ಕೆ ಒಂದು.

ಎರಡನೆಯ ಸೀಮೆಯಲ್ಲಿ 10,000ದಲ್ಲಿ 20 ದನಗಳಿಗೆ ಮಾತ್ರ ರೋಗವಿದೆ. ಪರೀಕ್ಷೆಯು 16ನ್ನು ಹಿಡಿದು 4ನ್ನು ಬಿಡುವುದು. ನಿರೋಗಿಗಳಾದ 9980ರಲ್ಲಿ ಸುಮಾರು 50ನ್ನು ತಪ್ಪಾಗಿ ಹಿಡಿಯುವುದು. ಸಿಕ್ಕಿಬಿದ್ದ 66ರಲ್ಲಿ ನಿಜವಾದ ರೋಗಿಗಳು 16. ಎಂದರೆ ನಾಲ್ಕರಲ್ಲಿ ಒಂದು. ಇಲ್ಲಿ “ಇಲ್ಲ” ಎಂಬುದನ್ನು ಬಹುಮಟ್ಟಿಗೆ ನಂಬಬಹುದು. “ಉಂಟು” ಎಂಬುದನ್ನು ಮರುಪರೀಕ್ಷೆಯಿಲ್ಲದೆ ನಂಬತಕ್ಕದ್ದಲ್ಲ.

ಮೊದಲು ಹೇಳಿದ ಎರಡು ಸಂಗತಿಗಳ ಅರ್ಥವು ಈಗ ಸ್ಪಷ್ಟವಾಗುವುದು. ರೋಗವನ್ನೇ ಕಾಣದ ಮಂದೆಯಲ್ಲಿ ಒಂದೇ ನಾಟಿ ಹಸುವು ಸಿಕ್ಕಿಬಿದ್ದಾಗ, ಅದು ನಿರಪರಾಧಿಯಾಗಿದ್ದಿರುವ ಸಂಭವವೇ ಹೆಚ್ಚು. ಬೇರೆಯಾಗಿ ಕಟ್ಟಿ ಮರುಪರೀಕ್ಷೆಗೆ ಕಾಯಬೇಕಾಗಿದ್ದಿತು. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಬೆಳೆದ, ಊರೂರು ಕೈಬದಲಾದ ಮಿಶ್ರತಳಿಯ ಹಸುವಿಗೆ “ಇಲ್ಲ” ಎಂದು ಬಂದಾಗ, ಒಂದು ಕಾಗದವನ್ನೇ ನಂಬಿ ಒಳಗೆ ಸೇರಿಸಬಾರದಾಗಿದ್ದಿತು.

ಭಾರತದಲ್ಲಿ ಅನೇಕ ಕಡೆಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ದನ ಎಮ್ಮೆಗಳಲ್ಲಿ ಸೇಕಡಾ 7.3ಕ್ಕೆ ಈ ರೋಗವಿರಬಹುದೆಂದೂ, ಅದರಂತೆ ಬಾಧಿತ ದನಗಳು ಸುಮಾರು 2 ಕೋಟಿ 18 ಲಕ್ಷವೆಂದೂ ಅಂದಾಜುಮಾಡಿತು. ಈ ಸಂಖ್ಯೆಯು ಗಾಬರಿ ಹುಟ್ಟಿಸತಕ್ಕದ್ದು. ಆದರೆ ಇದು ಬೇರೆ ಬೇರೆ ಪರೀಕ್ಷೆಗಳಿಂದ ಬಂದ ಸರಾಸರಿಯೆಂಬುದನ್ನು ಮರೆಯಬಾರದು. ನಿಮ್ಮ ಗ್ರಾಮವು ಮೇಲಿನ ಎರಡು ಸೀಮೆಗಳಲ್ಲಿ ಯಾವುದಕ್ಕೆ ಹತ್ತಿರವಾದುದೆಂಬುದನ್ನು ಸರಾಸರಿಯು ಹೇಳಲಾರದು. ನಿಮ್ಮ ದನಗಳ ಚರಿತ್ರೆಯೇ ಹೇಳಬೇಕು.

6. ಮಂದೆಯ ಲೆಕ್ಕವೂ ಎರಡು ಪರೀಕ್ಷೆಗಳ ಜೋಡಣೆಯೂ

ಒಂದು ಹಸುವಿನ ವಿಷಯದಲ್ಲಿ ದುರ್ಬಲವಾದ ಪರೀಕ್ಷೆಯು ಮಂದೆಯ ವಿಷಯದಲ್ಲಿ ಬಲವಾಗುವುದು. ಕೊಟ್ಟಿಗೆಯಲ್ಲಿ ಒಂದೇ ರೋಗಿ ಹಸುವಿದ್ದರೆ ಅದು ತಪ್ಪಿಸಿಕೊಳ್ಳುವ ಸಂಭವವು ಐದಕ್ಕೆ ಒಂದು. ಮೂರು ಇದ್ದರೆ ಮೂರೂ ಒಟ್ಟಿಗೆ ತಪ್ಪಿಸಿಕೊಳ್ಳುವುದು ಸಾವಿರದಲ್ಲಿ ಎಂಟು ಸಲ ಮಾತ್ರ. ಆದುದರಿಂದ ಕೊಳ್ಳತಕ್ಕ ಹಸುವಿನ ಪರೀಕ್ಷೆಗಿಂತ ಅದು ಬಂದ ಕೊಟ್ಟಿಗೆಯೆಲ್ಲದರ ಪರೀಕ್ಷೆಯು ಹೆಚ್ಚು ವಿಷಯವನ್ನು ತಿಳಿಸುವುದು. ಇದಕ್ಕೆ ಎದುರಾದ ಮಾತೂ ಒಂದುಂಟು. ಸಂಪೂರ್ಣವಾಗಿ ನಿರೋಗಿಯಾದ 200 ಹಸುಗಳ ದೊಡ್ಡ ಕೊಟ್ಟಿಗೆಯಲ್ಲಿ, ಒಂದಾದರೂ ತಪ್ಪಾಗಿ ಸಿಕ್ಕಿಬೀಳುವ ಸಂಭವವು ನೂರಕ್ಕೆ 63. ದೊಡ್ಡ ಮಂದೆಯವರು ಒಂದು ಬಾವಿಗೆ ಎದೆಗೆಡಬೇಕಾಗಿಲ್ಲ.

ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ಒಂದು ರಕ್ತಪರೀಕ್ಷೆಯು ಹುಟ್ಟಿತು. ದನದ ರಕ್ತಕ್ಕೆ ಟ್ಯುಬರ್ಕ್ಯುಲಿನ್ನನ್ನು ಸೇರಿಸಿದಾಗ, ಕ್ಷಯಕ್ರಿಮಿಯನ್ನು ಮೊದಲೇ ಕಂಡಿದ್ದ ರಕ್ತಕಣಗಳು ಗಾಮಾ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಬಿಡುವುವು, ಅದನ್ನು ಅಳೆಯುವರು. ಇದರ ಹಿಡಿಯುವ ಶಕ್ತಿಯ ನಡುವಣ ಬೆಲೆಯು 87.6, ಬಿಡುವ ಶಕ್ತಿಯದು 96.6. ಚರ್ಮಪರೀಕ್ಷೆಗಿಂತ ಇದು ಹೆಚ್ಚು ರೋಗಿಗಳನ್ನು ಹಿಡಿಯುವುದು. ಹೆಚ್ಚು ನಿರಪರಾಧಿಗಳನ್ನೂ ಹಿಡಿಯುವುದು. ರಕ್ತವನ್ನು ತೆಗೆದ ಮೇಲೆ ತಡಮಾಡದೆ ಪ್ರಯೋಗಶಾಲೆಗೆ ತಲುಪಿಸಬೇಕಾದುದೇ ಇದರ ತೊಡಕು.

ಎರಡನ್ನೂ ಜೋಡಿಸಲು ಎರಡು ದಾರಿಗಳುಂಟು. ಯಾವುದಾದರೊಂದು “ಉಂಟು” ಎಂದರೂ ಹಿಡಿಯುವುದು ಒಂದು. ಎರಡೂ “ಉಂಟು” ಎಂದರೆ ಮಾತ್ರ ಹಿಡಿಯುವುದು ಇನ್ನೊಂದು. ಎರಡರ ತಪ್ಪುಗಳೂ ಒಂದಕ್ಕೊಂದು ಸಂಬಂಧವಿಲ್ಲದುವಾದರೆ, ಮೊದಲನೆಯ ದಾರಿಯಲ್ಲಿ ಹಿಡಿಯುವ ಶಕ್ತಿಯು ಸುಮಾರು 97.5ಕ್ಕೆ ಏರಿ ಬಿಡುವ ಶಕ್ತಿಯು 96ಕ್ಕೆ ಇಳಿಯುವುದು. ಎರಡನೆಯದರಲ್ಲಿ ಬಿಡುವ ಶಕ್ತಿಯು 99.98ಕ್ಕೆ ಏರಿ ಹಿಡಿಯುವ ಶಕ್ತಿಯು 70ಕ್ಕೆ ಇಳಿಯುವುದು. ಎರಡು ಪರೀಕ್ಷೆಗಳೂ ದನದ ಒಂದೇ ರಕ್ಷಣಾಶಕ್ತಿಯನ್ನು ಅವಲಂಬಿಸಿರುವುದರಿಂದ ನಿಜವಾದ ಲಾಭವು ಇದಕ್ಕಿಂತ ಕಡಮೆ. ರೋಗವು ಖಂಡಿತವಾದ ಕೊಟ್ಟಿಗೆಗೆ ಮೊದಲನೆಯ ದಾರಿಯೂ, ರೋಗವು ಅಪರೂಪವಾದ ಗ್ರಾಮಕ್ಕೆ ಎರಡನೆಯದೂ ತಕ್ಕುವು.

ಕೆಲವೇ ನಿಮಿಷಗಳಲ್ಲಿ ಫಲವನ್ನು ತೋರಿಸುವ ಪಟ್ಟಿಯ ಪರೀಕ್ಷೆಗಳೂ ಉಂಟು. ಇವು ರಕ್ತದಲ್ಲಿ ರೋಗದ ವಿರುದ್ಧ ಹುಟ್ಟುವ ಪ್ರತಿದ್ರವ್ಯಗಳನ್ನು ಹುಡುಕುವುವು. ಕ್ಷಯದಲ್ಲಿ ಆ ದ್ರವ್ಯಗಳು ಸಾಮಾನ್ಯವಾಗಿ ರೋಗವು ಬಲಿತ ಮೇಲೆ ಹೆಚ್ಚುವುದರಿಂದ ಎಳೆಯ ರೋಗವು ಇವುಗಳಿಗೆ ಸಿಕ್ಕದು. ಹಾಲಿನಲ್ಲಿ ಕ್ರಿಮಿಯನ್ನು ಹುಡುಕುವುದೂ ಹಾಗೆಯೇ. ರೋಗವುಳ್ಳ ಹಸುಗಳಲ್ಲಿ ಕೆಲವು ಮಾತ್ರವೇ ಹಾಲಿನಲ್ಲಿ ಕ್ರಿಮಿಯನ್ನು ಬಿಡುವುದರಿಂದ, ಹಾಲಿನಲ್ಲಿ ಕಾಣಲಿಲ್ಲವೆಂಬುದು ಹಸುವಿಗೆ ನಿರ್ದೋಷಪತ್ರವಲ್ಲ.

7. ಪರೀಕ್ಷೆಯನ್ನು ಕೆಡಿಸುವ ಸಂದರ್ಭಗಳು

ಮೇಲೆ ಹೇಳಿದ ಶಕ್ತಿಗಳೆಲ್ಲ ಪರೀಕ್ಷೆಯು ಕ್ರಮವಾಗಿ ನಡೆದಾಗಿನವು. ಈ ಕೆಳಗಿನ ಸಂದರ್ಭಗಳಲ್ಲಿ ರೋಗವಿದ್ದರೂ ಬಾವು ಬಾರದಿರಬಹುದು:—

(ಅ) ರೋಗವು ತಗುಲಿ ಕೆಲವು ವಾರಗಳಷ್ಟೇ ಆಗಿದ್ದರೆ.
(ಆ) ರೋಗವು ಬಹಳ ಬಲಿತು ದನದ ಶಕ್ತಿಯು ಉಡುಗಿಹೋಗಿದ್ದರೆ. ಕೆಮ್ಮಿ ಸೊರಗಿರುವ ದನವು “ಇಲ್ಲ” ಎಂದು ಪಾರಾದರೆ ಸಂತೋಷಪಡಬಾರದು.
(ಇ) ಕರುಹಾಕುವುದಕ್ಕೆ ಸ್ವಲ್ಪ ಮುಂಚೆ, ಅಥವಾ ಹಾಕಿ ನಾಲ್ಕಾರು ವಾರಗಳೊಳಗೆ ಪರೀಕ್ಷಿಸಿದರೆ. ಮೊದಲು ಹೇಳಿದ ಹಸುವು ತಪ್ಪಿಸಿಕೊಂಡದ್ದು ಹೀಗೆಯೇ ಇರಬೇಕು.
(ಈ) ಸ್ವಲ್ಪಕಾಲದ ಹಿಂದೆ ಟ್ಯುಬರ್ಕ್ಯುಲಿನ್ನನ್ನು ಚುಚ್ಚಿದ್ದರೆ. ಸಂತೆಯ ಮೊದಲು ಗುಟ್ಟಾಗಿ ಚುಚ್ಚಿಸಿ ತರುವ ಮೋಸಕ್ಕೆ ಇದು ಎಡೆಗೊಡುವುದು.
(ಉ) ಬಾವಿಳಿಸುವ ಸ್ಟೀರಾಯ್ಡ್ ಔಷಧಗಳನ್ನು ಕೊಟ್ಟಿದ್ದರೆ, ಅಥವಾ ದನವು ಮೇವಿಲ್ಲದೆ ಬಡವಾಗಿದ್ದರೆ.
(ಊ) ಟ್ಯುಬರ್ಕ್ಯುಲಿನ್ನನ್ನು ತಂಪಿನಲ್ಲಿಡದೆ ಕೆಡಿಸಿದ್ದರೆ, ಚರ್ಮದೊಳಗಲ್ಲದೆ ಅದರ ಕೆಳಗೆ ಚುಚ್ಚಿದ್ದರೆ, ಅಳೆಯದೆ ಕಣ್ಣಂದಾಜಿನಿಂದ ಹೇಳಿದರೆ.

ಜಾನೆಯವರ ರೋಗ, ಹಕ್ಕಿಯ ಕ್ಷಯಕ್ರಿಮಿ, ಮಣ್ಣಿನ ಕ್ರಿಮಿಗಳು, ಇವುಗಳ ಸಂಪರ್ಕದಿಂದ ರೋಗವಿಲ್ಲದೆಯೂ ಬಾವು ಬರಬಹುದು. ಬಿ.ಸಿ.ಜಿ. ಲಸಿಕೆಯನ್ನು ಹಾಕಿದ ದನಕ್ಕೂ ಬರುವುದು. ಅಂತಹ ದನಗಳಲ್ಲಿ ಲಸಿಕೆಗೂ ರೋಗಕ್ಕೂ ಭೇದವನ್ನು ತೋರಿಸುವ ಹೊಸ ಚರ್ಮಪರೀಕ್ಷೆಯೊಂದನ್ನು ಈಚಿನ ವರ್ಷಗಳಲ್ಲಿ ಸಿದ್ಧಪಡಿಸಿರುವರು.

8. ಮುಖಂಡರೂ ಭೂಮಾಲೀಕರೂ ಮಾಡತಕ್ಕ ಕೆಲಸಗಳು

ಪರೀಕ್ಷೆಯಲ್ಲಿ ಇಷ್ಟು ತಪ್ಪುಗಳಿರುವಾಗ ಅದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಆಸ್ಟ್ರೇಲಿಯಾವೇ ಉತ್ತರ. ಅಲ್ಲಿ 1970ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಇಂತಹ ಅಪೂರ್ಣವಾದ ಚರ್ಮಪರೀಕ್ಷೆಯನ್ನೇ ಮಂದೆಮಂದೆಗೂ ಮತ್ತೆ ಮತ್ತೆ ನಡೆಸಿ, ಕಸಾಯಿಖಾನೆಯಲ್ಲಿ ಗಂಟು ಕಂಡ ದನವು ಬಂದ ಮಂದೆಯನ್ನು ಹುಡುಕಿ ಹೋಗಿ, 1997ರಲ್ಲಿ ದೇಶವೇ ರೋಗಮುಕ್ತವೆಂದು ಘೋಷಿಸಿದರು. ಅಲ್ಲಿ ಸಿಕ್ಕಿಬಿದ್ದ ದನಗಳನ್ನು ಕೊಂದರು. ನಮ್ಮಲ್ಲಿ ಹಸುಗಳ ವಧೆಯನ್ನು ನಿಷೇಧಿಸುವ ಕಾಯಿದೆಯಿರುವುದರಿಂದ ಆ ಕ್ರಮವು ಸಾಮಾನ್ಯವಾಗಿ ನಡೆಯತಕ್ಕದ್ದಲ್ಲ; ರೈತನ ಮನಸ್ಸೂ ಒಪ್ಪದು. ನಮಗೆ ಹೊಂದುವುದು ಬ್ಯಾಂಗ್ ಪಂಡಿತರ ಬೇರ್ಪಡಿಸುವ ಕ್ರಮವೇ. ಅದಕ್ಕೆ ಬೇಕಾದುವು ಇವು:—

ಮೊದಲನೆಯದಾಗಿ, ಹೊಸ ಹಸುವನ್ನು ಕೊಳ್ಳುವಾಗ ಪರೀಕ್ಷೆಯ ದಿನಾಂಕ, ಪರೀಕ್ಷೆಯ ಬಗೆ, ಮಿಲಿಮೀಟರುಗಳ ಅಳತೆ, ಕರುಹಾಕಿದ ದಿನ, ಉಳಿದ ಮಂದೆಯ ಫಲ ಇವೆಲ್ಲವನ್ನೂ ಕೇಳಿ ಬರೆದುಕೊಳ್ಳಿರಿ. ತಂದ ಮೇಲೆ 60 ದಿನಗಳವರೆಗೆ ಬೇರೆ ಕಟ್ಟಿ, ಮತ್ತೆ ಪರೀಕ್ಷಿಸಿ ಒಳಗೆ ಸೇರಿಸಿರಿ.

ಎರಡನೆಯದಾಗಿ, ಪಶುವೈದ್ಯರು ಪರೀಕ್ಷೆಗೆ ಬಂದಾಗ ಮನೆಯ ಎಲ್ಲಾ ದನಗಳನ್ನೂ ತೋರಿಸಿರಿ. ಒಳ್ಳೆಯ ಹಸುವನ್ನು ಅಡಗಿಸಿಟ್ಟು ಬಡಕಲನ್ನು ತೋರಿಸಿದರೆ ಪರೀಕ್ಷೆಯೇ ವ್ಯರ್ಥವಾಗುವುದು. 72 ಗಂಟೆಗಳಾದಾಗ ದನವು ಮನೆಯಲ್ಲಿಯೇ ಇರಬೇಕು. ಓದದ ಪರೀಕ್ಷೆಯು ಮಾಡದ ಪರೀಕ್ಷೆಯೇ.

ಮೂರನೆಯದಾಗಿ, ಸಿಕ್ಕಿಬಿದ್ದ ದನವನ್ನು ಮಾರಬೇಡಿರಿ, ಊರ ಮಂದೆಗೆ ಬಿಡಬೇಡಿರಿ, ಬೇರೆ ತೊಟ್ಟಿಯಲ್ಲಿ ನೀರು ಕೊಡಿರಿ. ಅದರ ಕರುವನ್ನು ಬೇರ್ಪಡಿಸಿ ಕಾಯಿಸಿ ಆರಿಸಿದ ಹಾಲನ್ನು ಕುಡಿಸಿರಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣದ ಕೇಂದ್ರ ಕಾಯಿದೆಯಲ್ಲಿ ದನದ ಕ್ಷಯವೂ ಸೇರಿರುವುದರಿಂದ, ಸಂದೇಹವುಂಟಾದಲ್ಲಿ ಯಜಮಾನನು ಗ್ರಾಮಾಧಿಕಾರಿಗೆ ಅಥವಾ ಪಂಚಾಯಿತಿಗೆ ತಿಳಿಸಬೇಕಾಗಿದೆ. ಅವರು ಹತ್ತಿರದ ಪಶುವೈದ್ಯರಿಗೆ ವರದಿಮಾಡುವರು. ಈ ಕೊಂಡಿಯು ಗ್ರಾಮದ ಮುಖಂಡರ ಕೈಯಲ್ಲಿರುವುದು.

ನಾಲ್ಕನೆಯದಾಗಿ, ಪರೀಕ್ಷೆಯು “ಇಲ್ಲ” ಎಂದರೂ ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಿರಿ. ಪರೀಕ್ಷೆಯು ಬಿಟ್ಟ ಐದನೆಯ ಹಸುವನ್ನು ಒಲೆಯು ಬಿಡುವುದಿಲ್ಲ. ನೊರೆಹಾಲು ಮಕ್ಕಳಿಗೆ ಪುಷ್ಟಿಯೆಂಬ ನಂಬಿಕೆಯನ್ನು ತೊರೆಯಬೇಕು. ದೇವರಿಗೆ ಹಸಿಹಾಲಿನ ಅಭಿಷೇಕವಾದರೆ ತೀರ್ಥಕ್ಕೂ ಪಂಚಾಮೃತಕ್ಕೂ ಕಾಯಿಸಿ ಆರಿಸಿದ ಹಾಲನ್ನು ಉಪಯೋಗಿಸಬಹುದು. ಬಹುದಿನ ಕೆಮ್ಮುವ ದನಗಾಹಿಯನ್ನು ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ, ಮನೆಯ ದನಕ್ಕೆ ಕ್ಷಯದ ಸಂದೇಹವಿದ್ದರೆ ಆ ವಿಷಯವನ್ನೂ ವೈದ್ಯರಿಗೆ ತಿಳಿಸಬೇಕು. ಏಕೆಂದರೆ ಮನುಷ್ಯರ ಕ್ಷಯಕ್ಕೆ ಕೊಡುವ ಔಷಧಗಳಲ್ಲಿ ಪಿರಜಿನಮೈಡ್ ಎಂಬುದು ದನದ ಕ್ರಿಮಿಯ ಮೇಲೆ ನಡೆಯುವುದಿಲ್ಲ.

ಐದನೆಯದಾಗಿ, ಗ್ರಾಮದಲ್ಲಿ ಒಂದು ಪುಸ್ತಕವನ್ನಿಟ್ಟು, ಯಾವ ಮನೆಯ ಯಾವ ದನಕ್ಕೆ ಯಾವಾಗ ಯಾವ ಪರೀಕ್ಷೆಯಾಯಿತು, ಫಲವೇನು, ದನವು ಎಲ್ಲಿಂದ ಬಂದಿತು, ಎಲ್ಲಿಗೆ ಹೋಯಿತು ಎಂದು ಬರೆಸಿರಿ. ಎರಡು ಮೂರು ವರ್ಷಗಳ ಬರಹವಾದರೆ ನಿಮ್ಮ ಗ್ರಾಮವು ಯಾವ ಸೀಮೆಗೆ ಸೇರಿದ್ದೆಂಬುದು ತಾನಾಗಿಯೇ ತಿಳಿಯುವುದು. ಆಗ ಒಂದು ಬಾವಿಗೆ ಹೆದರಿ ಒಳ್ಳೆಯ ಹಸುವನ್ನು ಸಂತೆಗೆ ಹೊಡೆಯುವ ಪ್ರಮೇಯವೂ, ಒಂದು ಕಾಗದವನ್ನು ನಂಬಿ ರೋಗವನ್ನು ಕೊಟ್ಟಿಗೆಗೆ ಕರೆತರುವ ಪ್ರಮೇಯವೂ ಇರುವುದಿಲ್ಲ.

ಪರೀಕ್ಷೆಯು ಸಾಕ್ಷಿಯೇ ಹೊರತು ನ್ಯಾಯಾಧಿಪತಿಯಲ್ಲ. ಪಂಚಾಯಿತಿಯಲ್ಲಿ ಸಾಕ್ಷಿಯ ಮಾತನ್ನು ಕೇಳುವಾಗ ಅವನು ಎಂತಹವನು, ಎಲ್ಲಿ ನಿಂತು ನೋಡಿದನು, ಮತ್ತೊಬ್ಬನು ಏನು ಹೇಳುವನು ಎಂದು ವಿಚಾರಿಸುವ ನಮ್ಮ ಮುಖಂಡರಿಗೆ, ಟ್ಯುಬರ್ಕ್ಯುಲಿನ್ನಿನ ಮಾತನ್ನೂ ಹಾಗೆಯೇ ವಿಚಾರಿಸುವುದು ಕಷ್ಟವಾಗಲಾರದು.